ಮಿರಾಜ್ ಜ್ವಾಲಾಮುಖಿಯ ಬಗ್ಗೆ ಕೇಳಿದವರಿಗೆ

ಲಾಸ್ ವೇಗಸ್‌ನ ಮಿರಾಜ್ ಹೋಟೆಲಿನ ಮುಂದೆ 1990ರ ದಶಕದಲ್ಲಿ ನೀವು ಕಂಡ ಕೃತಕ ಜ್ವಾಲಾಮುಖಿ ಈಗಲೂ ಇದೆಯೇ, ಅದರಿಂದ ಅನಾನಸ್ ಪರಿಮಳ ಬರುತ್ತಿದ್ದುದು ನಿಮ್ಮ ಭ್ರಮೆಯೇ ಎಂದು ಕೇಳಿದ್ದೀರಿ. ಖಂಡಿತ ಭ್ರಮೆಯಲ್ಲ. ಬೆಂಕಿಗೆ ಬಳಸುತ್ತಿದ್ದ ಅನಿಲದ ವಾಸನೆ ನೋಡುಗರ ಮೂಗಿಗೆ ಬಡಿಯದಿರಲೆಂದು, ಅನಾನಸ್ ಮತ್ತು ತೆಂಗಿನಕಾಯಿಯ ರುಚಿಯುಳ್ಳ ಪಿನ್ಯಾ ಕೊಲಾಡಾ ಪಾನೀಯದ ಪರಿಮಳವನ್ನು ಅಲ್ಲಿ ಹರಡುತ್ತಿದ್ದರು. ಆದರೆ ಆ ಜ್ವಾಲಾಮುಖಿ ಈಗಿಲ್ಲ. 1989ರಲ್ಲಿ ಸ್ಟೀವ್ ವಿನ್ ಆರಂಭಿಸಿದ್ದ ಹೋಟೆಲು 2024ರ ಜುಲೈ 17ರಂದು ಮುಚ್ಚಿತು. ಅದನ್ನು ಕೊಂಡ ಹಾರ್ಡ್ ರಾಕ್ ಸಂಸ್ಥೆಯು ಆ ಜಾಗಕ್ಕೆ ಗಿಟಾರ್ ಆಕಾರದ ಹೋಟೆಲ್ ಗೋಪುರವನ್ನು ಯೋಜಿಸಿತು.

ನೀವು ನೋಡಿದ್ದು ಅದರ ಮೊದಲ ರೂಪ. ಬೆಲಾಜಿಯೋ ಹೋಟೆಲಿನ ಕಾರಂಜಿಗಳನ್ನು ನಿರ್ಮಿಸಿದ ವೆಟ್ ಸಂಸ್ಥೆಯು 2008ರಲ್ಲಿ ಅದನ್ನು ಹೊಸದಾಗಿ ರೂಪಿಸಿದಾಗ, ಅಮೆರಿಕದ ಡ್ರಮ್ ವಾದಕ ಮಿಕ್ಕಿ ಹಾರ್ಟ್ ಅವರೊಂದಿಗೆ ನಮ್ಮ ಉಸ್ತಾದ್ ಜಾಕಿರ್ ಹುಸೇನ್ ಅವರೂ ಅದಕ್ಕೆ ಸಂಗೀತ ರಚಿಸಿದರು. ಆ ತಾಳವಾದ್ಯಗಳ ಲಯಕ್ಕೆ ಸರಿಯಾಗಿ ಕೊಳದ ನೀರಿನ ಮೇಲೆ ಬೆಂಕಿ ಚಿಮ್ಮುತ್ತಿತ್ತು. ಜೂಜಿನ ಕಡೆ ತಲೆಯೇ ಹಾಕದವರೂ ರಸ್ತೆಬದಿಯಲ್ಲಿ ನಿಂತು, ಒಂದು ಪೈಸೆಯನ್ನೂ ಕೊಡದೆ ಅದನ್ನು ನೋಡಬಹುದಾಗಿತ್ತು ಎಂಬುದೇ ನನ್ನ ಮಟ್ಟಿಗೆ ಅದರ ದೊಡ್ಡ ಹೆಚ್ಚುಗಾರಿಕೆ. ಪಕ್ಕದ ಟ್ರೆಷರ್ ಐಲ್ಯಾಂಡ್ ಹೋಟೆಲಿನ ಹಡಗು ಕಾಳಗದ ಪ್ರದರ್ಶನವೂ 2013ರಲ್ಲೇ ನಿಂತುಹೋಗಿತ್ತು. ಮತ್ತೆ ಆ ಊರಿಗೆ ಹೋಗುವುದಾದರೆ, ಬೆಲಾಜಿಯೋ ಕಾರಂಜಿಗಳನ್ನು ತಪ್ಪದೆ ನೋಡಿ.