ಬಾನ್‌ಜುಕೆಗೆ ಬೂಷ್ಟು ಹಿಡಿದ್ರೆ ಎಂತ ಮಾಡುದು? ಓದುಗರ ಪ್ರಶ್ನೆ, ಸುಮೋ ಹುಚ್ಚನ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಸುಮೋ ಹುಚ್ಚಿನ ಬಗ್ಗೆ ಬರ್ದಿದ್ದೆ, ಅಂದ್ರೆ ಜಪಾನಿನ ಆ ಕುಸ್ತಿಯ ಚಿತ್ರ, ಕಾಗದ, ಕೈಯಚ್ಚು, ಬಟ್ಟೆ ಅಂತ ವರ್ಷಗಟ್ಲೆ ಕೂಡಿ ಹಾಕಿದ್ದರ ಕಥೆ. ಅದಕ್ಕೆ ಇಷ್ಟು ಪತ್ರ ಬರ್ತದೆ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ, ಪೋಸ್ಟ್‌ಮ್ಯಾನ್ "ಎಂತ ಮಾಷ್ಟ್ರೆ, ಮನೆಯಲ್ಲಿ ಮದುವೆ ಉಂಟಾ" ಅಂತ ಕೇಳಿಯೇ ಬಿಟ್ರು. ಎಲ್ಲದಕ್ಕೂ ಉತ್ತರ ಕೊಡ್ಲಿಕ್ಕೆ ಜಾಗ ಇಲ್ಲ, ಕೆಲವನ್ನು ಆರಿಸಿದ್ದೇನೆ.

ಪ್ರಶ್ನೆ: ಟಿವಿಯಲ್ಲಿ ಸುಮೋ ನೋಡಿ ನೋಡಿ ನನಗೂ ಹುಚ್ಚು ಹಿಡಿದಿದೆ. ಸಣ್ಣ ಅಂಗಡಿ ನಡೆಸುವವ, ದೊಡ್ಡ ದುಡ್ಡಿಲ್ಲ. ಆದ್ರೂ ಏನಾದ್ರೂ ಒಂದು ಕೈಯಲ್ಲಿ ಇರ್ಬೇಕು ಅಂತ ಆಸೆ. ಮೊದ್ಲು ಎಂತ ತಗೊಳ್ಳಲಿ?
ವ್ಯಾಪಾರಿ, ಬದಿಯಡ್ಕ

ಉತ್ತರ: ಬಾನ್‌ಜುಕೆ ತಗೊಳ್ಳಿ. ಕುಸ್ತಿಪಟುಗಳ ದರ್ಜೆ ಪಟ್ಟಿಯ ಹಾಳೆ ಅದು. ಸದ್ಯಕ್ಕೆ ಬೇರೆ ಎಂತದೂ ಬೇಡ.

ಬಾನ್‌ಜುಕೆ ಅಂದ್ರೆ ಎಂತ ಅಂತ ನಮ್ಮ ಊರಿನವರಿಗೆ ಹೇಳುದು ಸುಲಭ. ಯಕ್ಷಗಾನ ಮೇಳದ ಆಟದ ಕರಪತ್ರ ನೋಡಿದ್ದೀರಲ್ಲ, ಪ್ರಸಂಗದ ಹೆಸ್ರು ದೊಡ್ಡಕ್ಕೆ, ಕೆಳಗೆ ಭಾಗವತರು, ಚೆಂಡೆ ಮದ್ದಳೆಯವರು, ಮತ್ತೆ ಮುಮ್ಮೇಳ, ಯಾರ ಹೆಸ್ರು ಯಾರಿಗಿಂತ ಮೇಲೆ ಬಂತು ಅಂತ ಚೌಕಿಯಲ್ಲಿ ಮುನಿಸು ಸಹ ಆಗ್ತದೆ, ಇದೂ ಹಾಗೆಯೇ. ಒಂದೇ ಹಾಳೆ, ಬಲಕ್ಕೆ ಪೂರ್ವ ಬಣದವರು, ಎಡಕ್ಕೆ ಪಶ್ಚಿಮ ಬಣದವರು, ಐದು ಸಾಲು. ಮೇಲಿನ ಸಾಲಲ್ಲಿ ಯೊಕೊಝುನ (ಎಲ್ಲಕ್ಕಿಂತ ಮೇಲಿನ ಪದವಿ), ಓಝೆಕಿ (ಅದ್ರ ಕೆಳಗಿನದ್ದು) ಅಂತ ದೊಡ್ಡವರ ಹೆಸ್ರು ದಪ್ಪಕ್ಕೆ, ಕೆಳಗೆ ಹೋದ ಹಾಗೆ ಸಪೂರ ಆಗ್ತಾ ಆಗ್ತಾ ಕೊನೇ ಸಾಲಿನ ಹುಡುಗರ ಹೆಸ್ರು ಕೂದಲೆಳೆಯ ಹಾಗೆ. ನಾನು ಅದನ್ನು ಓದುದು ನಮ್ಮಜ್ಜ ಪಂಚಾಂಗ ನೋಡ್ತಿದ್ದ ಭೂತಗನ್ನಡಿಯಲ್ಲಿ. ಜಪಾನಿನಲ್ಲಿ ಆ ಕೊನೇ ಸಾಲಿನವರಿಗೆ ತಮಾಷೆಗೆ ಇಟ್ಟ ಹೆಸ್ರೇ ‘ಭೂತಗನ್ನಡಿ’ ಅಂತ, ಇದನ್ನು ಕೇಳಿ ನಾನು ಒಬ್ಬನೇ ಕೂತು ನಕ್ಕಿದ್ದೇನೆ.

ಇಡೀ ಹಾಳೆಯನ್ನು ಗ್ಯೋಜಿ, ಅಂದ್ರೆ ಅಖಾಡದಲ್ಲಿ ಬಣ್ಣದ ನಿಲುವಂಗಿ ಹಾಕಿ ನಿಲ್ಲುವ ರೆಫ್ರಿಯವರೇ, ಬ್ರಷ್ಷಿನಲ್ಲಿ ಕೈಯಾರೆ ಬರೀತಾರೆ. ದೊಡ್ಡ ಹಾಳೆಯಲ್ಲಿ ಬರ್ದು ಮತ್ತೆ ಚಿಕ್ಕದು ಮಾಡಿ ಪ್ರಿಂಟ್ ಮಾಡುದು, ನಮ್ಮ ಕೈಗೆ ಬರುವಾಗ ಸುಮಾರು 58 ಸೆಂಟಿಮೀಟರ್ ಉದ್ದ 44 ಅಗಲ. ಅಕ್ಷರಗಳ ನಡುವೆ ಬಿಳಿ ಜಾಗವೇ ಬಿಡುದಿಲ್ಲ, ಯಾಕೆ ಗೊತ್ತುಂಟಾ, ಸಭೆಯಲ್ಲಿ ಒಂದು ಸೀಟೂ ಖಾಲಿ ಇರ್ಬಾರ್ದು ಅಂತ ಹಾರೈಕೆ. ನಡುವಿನ ದೊಡ್ಡ ಅಕ್ಷರಗಳಿಗೆ ‘ಅಪ್ಪಣೆಯಾಗಿದೆ’ ಅಂತ ಅರ್ಥ, ಹಿಂದೆ ಪಂದ್ಯ ಇಡ್ಲಿಕ್ಕೆ ಸರಕಾರದ ಪರವಾನಗಿ ಬೇಕಿತ್ತು, ಅದರ ಗುರ್ತು. ಟೋಕಿಯೋದಲ್ಲಿ, ಆಗಿನ ಎದೋದಲ್ಲಿ, ಹೀಗೆ ಒಂದೇ ಹಾಳೆಯಲ್ಲಿ ಅಚ್ಚು ಹಾಕ್ಲಿಕ್ಕೆ ಶುರು ಮಾಡಿದ್ದು 1757ರಲ್ಲಿ, ಇವತ್ತಿಗೂ ಅದೇ ರೂಪ.

ವರ್ಷಕ್ಕೆ ಆರು ಪಂದ್ಯಾವಳಿ, ಒಂದೊಂದು 15 ದಿನ: ಜನವರಿ, ಮೇ, ಸೆಪ್ಟೆಂಬರ್ ಟೋಕಿಯೋದಲ್ಲಿ, ಮಾರ್ಚ್ ಒಸಾಕಾ, ಜುಲೈ ನಗೋಯಾ, ನವೆಂಬರ್ ಫುಕುಓಕಾ. ಪ್ರತಿ ಸಲ ಹೊಸ ಬಾನ್‌ಜುಕೆ. ಹೊಸದಕ್ಕೆ ಜಪಾನಿನಲ್ಲಿ ಒಂದು ಚಾಯದ ರೇಟೂ ಆಗ್ಲಿಕ್ಕಿಲ್ಲ, ಇಲ್ಲಿಗೆ ತರಿಸುವ ಖರ್ಚೇ ಜಾಸ್ತಿ, ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು. ಅದಕ್ಕೇ ನಾನು ವರ್ಷದ ಆರನ್ನೂ ಒಟ್ಟಿಗೆ ತರಿಸುದು.

ಮತ್ತೆ ಯಾವುದು ತಗೊಳ್ಳುದು ಅಂದ್ರೆ, ನೀವು ನೋಡಿದ ಪಂದ್ಯದ್ದೇ ತಗೊಳ್ಳಿ. 2025ರ ಮೇಯಲ್ಲಿ ಓನೊಸಾತೊ ಗೆದ್ದು 75ನೇ ಯೊಕೊಝುನ ಆದದ್ದು ನೀವು ಮಧ್ಯಾಹ್ನ ಊಟದ ಬಟ್ಲು ಹಿಡ್ಕೊಂಡೇ ನೋಡಿರ್ತೀರಿ (ಅಲ್ಲಿಯ ಸಂಜೆ ಆರು ಅಂದ್ರೆ ನಮಗೆ ಎರಡೂವರೆ), ಹಾಗಾದ್ರೆ ಆ ವರ್ಷದ ಜುಲೈ ಬಾನ್‌ಜುಕೆ ಹುಡುಕಿ, ಅವನ ಹೆಸ್ರು ಯೊಕೊಝುನ ಅಂತ ಮೊದ್ಲು ಬಂದದ್ದು ಅದ್ರಲ್ಲಿ. ನೂರು ವರ್ಷ ಹಳೇದ್ದು ಅಂತ ಯಾರದ್ದೋ ಹೆಸರಿನ ಹಾಳೆ ತಂದು ಇಟ್ರೆ ನಿಮಗೆ ಅದು ರದ್ದಿಯೇ.

ಒಂದು ಮಾತು ಬಿಟ್ಟೆ. ಮಡಿಚಿದ ಗೆರೆ ಇದ್ದದ್ದು ಬಂದ್ರೆ ಬೇಸರ ಮಾಡ್ಬೇಡಿ. ಕುಸ್ತಿಪಟುಗಳ ಮಠ ಅಂತ ಹೇಳ್ಬಹುದಾದ ಅವರ ಬಿಡಾರಗಳಲ್ಲಿ ಹುಡುಗರೇ ಕೂತು ಕಟ್ಟುಕಟ್ಟು ಬಾನ್‌ಜುಕೆ ಮಡಿಚಿ ಅಭಿಮಾನಿಗಳಿಗೆ ಕಳಿಸ್ತಾರೆ. ಆ ಗೆರೆ ಯಾರೋ ದಪ್ಪ ಬೆರಳಿನ ಹುಡುಗ ಹಾಕಿದ್ದು. ಇಸ್ತ್ರಿ ಪೆಟ್ಟಿಗೆ ಮಾತ್ರ ಹತ್ರ ತರ್ಬೇಡಿ.

ಪ್ರಶ್ನೆ: ಎಂಟು ಸಾವಿರ ಕೊಟ್ಟು ಹಕುಹೋನ ಕೈಯಚ್ಚು ತರಿಸಿದ್ದೇನೆ, ಚೌಕ ರಟ್ಟಿನ ಮೇಲೆ ಕಪ್ಪು ಅಂಗೈ, ಪಕ್ಕದಲ್ಲಿ ಸಹಿ. ಮಗ ಹೇಳ್ತಾನೆ ಇದು ಪ್ರಿಂಟು ಅಂತ. ನೋಡುದು ಹೇಗೆ?
ಅಡಿಕೆ ಕೃಷಿಕ, ಪೆರ್ಲ

ಉತ್ತರ: ನಿಮ್ಮ ಮಗ ಸರಿ ಇರ್ಲಿಕ್ಕೆ ಸಾಕು, ಆದ್ರೆ ನೋಡಿಯೇ ಹೇಳ್ಬೇಕು.

ಇದಕ್ಕೆ ತೆಗಾತ ಅಂತ ಹೆಸ್ರು. ಆರುನೂರರ ಆಸುಪಾಸು ಕುಸ್ತಿಪಟುಗಳಿದ್ರೂ ತೆಗಾತ ಕೊಡುದು ಮೇಲಿನ ಎರಡು ದರ್ಜೆಯವರು ಮಾತ್ರ, 42 ಮತ್ತೆ 28, ಒಟ್ಟು 70 ಜನ. ಅದ್ರಲ್ಲೂ 45 ಸಲ ಚಾಂಪಿಯನ್ ಆದ ಹಕುಹೋ ಅಂದ ಮೇಲೆ ಕೇಳುವವರು ಎಷ್ಟು, ಅವನ ಕೈ ಎಷ್ಟು. ಹಾಗಾಗಿ ದೊಡ್ಡವರ ಕೈಯಚ್ಚನ್ನು ಪ್ರಿಂಟ್ ಹಾಕಿ ನೆನಪಿನ ವಸ್ತು ಅಂತ ಕೊಡುದು, ಮಾರುದು ಅಲ್ಲಿ ಮಾಮೂಲು, ಅದು ಮೋಸ ಅಲ್ಲ. ಪ್ರಿಂಟನ್ನು ಅಸಲು ಅಂತ ಮಾರಿದ್ರೆ ಮೋಸ.

ನಾನೂ ಬಿದ್ದಿದ್ದೇನೆ ಆ ಗುಂಡಿಗೆ. ನನ್ನ ಮೊದಲ ತೆಗಾತ ಬಂದಾಗ ಊರಿಗೆಲ್ಲ ತೋರಿಸಿದ್ದೆ, ಅದ್ರ ಕಿರುಬೆರಳಿನ ಬುಡದಲ್ಲಿ ಒಂದು ಅಕ್ಕಿಕಾಳಿನಷ್ಟು ಬಿಳಿ ಜಾಗ, ಇಂಕು ಹಿಡಿಯದ್ದು, ‘ನೋಡಿ ನೋಡಿ, ಇದೇ ಅಸಲಿನ ಗುರ್ತು’ ಅಂತ ಬೇರೆ ಹೇಳಿದ್ದೆ. ಎರಡು ತಿಂಗಳು ಕಳ್ದು ಬೇರೆಯೇ ಒಬ್ಬ ಮಾರುವವನ ಫೋಟೋದಲ್ಲಿ ಅದೇ ಕೈ, ಅದೇ ಕಿರುಬೆರಳು, ಅದೇ ಅಕ್ಕಿಕಾಳು. ಊರಿಗೆ ತೋರಿಸಿದ್ದನ್ನು ವಾಪಸ್ ತಗೊಳ್ಳಿಕ್ಕೆ ಆಗ್ತದಾ?

ಈಗ ನಾನು ಮಾಡುದು ಹೀಗೆ. ಕಿಟಕಿ ಹತ್ರ ಹೋಗಿ ರಟ್ಟನ್ನು ಓರೆಯಾಗಿ ಹಿಡೀತೇನೆ. ಅಸಲು ಆದ್ರೆ ಅಂಗೈ ಒತ್ತಿದ ಅಂಚಲ್ಲಿ ಇಂಕು ದಪ್ಪ, ಅಂಗೈ ಗುಳಿಯಲ್ಲಿ ತೆಳು, ಕೆಲವು ಕಡೆ ಹೊಳಪು ಕೆಲವು ಕಡೆ ಇಲ್ಲ, ಬೆರಳ ಗೆರೆಯೊಳಗೆ ಇಂಕು ಸೇರಿ ಸಣ್ಣಕ್ಕೆ ಹರಡಿರ್ತದೆ. ಪ್ರಿಂಟಲ್ಲಿ ಕಪ್ಪು ಎಲ್ಲ ಕಡೆ ಒಂದೇ ಸಮ, ಲೆನ್ಸ್ ಇಟ್ರೆ ಚುಕ್ಕಿ ಚುಕ್ಕಿ ಕಾಣ್ಲಿಕ್ಕೂ ಸಾಕು, ಮತ್ತೆ ಸಹಿಯ ಕಪ್ಪೂ ಕೈಯ ಕಪ್ಪೂ ಒಂದೇ. ನಿಜವಾದ ಸಹಿಯ ಬ್ರಷ್ ಗೆರೆ ಕೊನೆಗೆ ಬರುವಾಗ ಒಣಗಿ ಸೀಳ್ತದೆ. ಇನ್ನೊಂದು, ಅದೇ ಹೆಸರಿನ ತೆಗಾತದ ಫೋಟೋ ಹತ್ತಾರು ತೆಗ್ದು ಬೆರಳುಗಳ ನಡುವಿನ ಅಂತರ ಹೋಲ್ಸಿ ನೋಡಿ, ಒಬ್ಬ ಮನುಷ್ಯ ಎರಡು ಸಲ ಒಂದೇ ಹಾಗೆ ಕೈ ಒತ್ತುದಿಲ್ಲ.

ಪ್ರಿಂಟ್ ಅಂತ ಗೊತ್ತಾದ್ರೆ ಕಿತ್ತು ಬಿಸಾಡ್ಬೇಡಿ ಮಾರಾಯ್ರೆ, ನಿಮ್ಮ ಅಂಗೈ ಅದ್ರ ಮೇಲೆ ಇಟ್ಟು ನೋಡಿ. ಅಳತೆ ಅಂತೂ ಅವನದ್ದೇ.

ಪ್ರಶ್ನೆ: ರೈದೆನ್ ಅನ್ನುವ ಕುಸ್ತಿಪಟುವಿನ 1790ರ ಮರದಚ್ಚಿನ ಚಿತ್ರ ನಾಲ್ಕು ಸಾವಿರಕ್ಕೆ ಕೊಡ್ತೇನೆ ಅಂತ ಒಬ್ಬರು ಹೇಳ್ತಿದ್ದಾರೆ. ಫೋಟೋದಲ್ಲಿ ಒಳ್ಳೇ ನೇರಳೆ ಬಣ್ಣದ ಸೊಂಟಪಟ್ಟಿ ಕಾಣ್ತದೆ. ತಗೊಳ್ಬಹುದಾ?
ಮಂಜೇಶ್ವರದಿಂದ

ಉತ್ತರ: ನಾಲ್ಕು ಸಾವಿರಕ್ಕೆ ಅದು ಸಿಗುದಾದ್ರೆ ನನಗೂ ಎರಡು ಹೇಳಿ.

ರೈದೆನ್ ತಮೆಎಮೊನ್ ಯಾರು ಅಂದ್ರೆ 1767ರಲ್ಲಿ ಹುಟ್ಟಿ 1825ರಲ್ಲಿ ಹೋದವ, ಆರೂವರೆ ಅಡಿ ಹತ್ರದ ಆಳು, 254 ಗೆಲುವಿಗೆ ಬರೀ 10 ಸೋಲು, ಆದ್ರೂ ಯೊಕೊಝುನ ಪದವಿ ಸಿಗ್ಲೇ ಇಲ್ಲ, ಯಾಕೆ ಅಂತ ಇವತ್ತಿಗೂ ಜನ ತರ್ಕ ಮಾಡ್ತಾರೆ. ಅವನ ಕಾಲದಲ್ಲಿ ಅವನನ್ನು ಬರ್ದದ್ದು ಚಿತ್ರಕಾರರ ಕತ್ಸುಕಾವಾ ಪರಂಪರೆಯ ಶುನ್‌ಏಯ್ ಅಂಥವರು. ಅಂಥದ್ದರ ಅಸಲು ಪ್ರತಿ ಮ್ಯೂಸಿಯಮ್ಮಿಗೆ ಹೋಗುವ ಮಾಲು.

ನೀವು ಹೇಳಿದ ಆ ನೇರಳೆಯೇ ಸಾಕ್ಷಿ. ಆಗಿನ ಬಣ್ಣ ಎಲ್ಲ ಗಿಡ, ಹೂ, ಮಣ್ಣಿನದ್ದು, ಕುಸುಬೆಯ ಕೆಂಪು, ಹೂವಿನ ನೀಲಿ, ಬೆಳಕಿಗೆ ಇಟ್ರೆ ಕಂದಿ ಹೋಗುವಂಥದ್ದು. ಕಣ್ಣು ಕುಕ್ಕುವ ನೇರಳೆ, ಕೆಂಪು ಬಂದದ್ದು ಹತ್ತೊಂಬತ್ತನೇ ಶತಮಾನದ ದ್ವಿತೀಯಾರ್ಧದಲ್ಲಿ, ವಿದೇಶದ ಕೆಮಿಕಲ್ ಬಣ್ಣದ ಜೊತೆ. ಕಾಗದ ಕೈಗೆ ಸಿಕ್ಕಿದ್ರೆ ಹಿಂದೆ ತಿರುಗಿಸಿ, ಮರದಚ್ಚಾದ್ರೆ ಬಣ್ಣ ಹಿಂದಕ್ಕೆ ಇಳಿದಿರ್ತದೆ, ಬಾರೆನ್ ಅನ್ನುವ ಉಜ್ಜುವ ಬಿಲ್ಲೆಯ ಗುರ್ತೂ ಕಾಣ್ಬಹುದು. ಹಿಂದೆ ಬೆಳ್ಳಗೆ ಇದ್ರೆ ಬಿಟ್ಟುಬಿಡಿ. ಅಳತೆ ಸಹ ನೋಡಿ, ಆಗಿನ ಓಬಾನ್ ಹಾಳೆ ಸುಮಾರು 39 ಸೆಂಟಿಮೀಟರಿಗೆ 26.

ಹಳೇ ಚಿತ್ರವೇ ಬೇಕು ಅಂತ ಹಠ ಇದ್ರೆ ಕುನಿಸಾದಾ, ಎರಡನೇ ಕುನಿತೆರು ಇವರು 1840ರಿಂದ 60ರ ದಶಕದವರೆಗೆ ಬರ್ದ ಸುಮೋ ಚಿತ್ರ ನೋಡಿ, ಸಂಖ್ಯೆ ಜಾಸ್ತಿ, ರೇಟೂ ಕತ್ಸುಕಾವಾದವರಷ್ಟು ಇಲ್ಲ. ಮೂಲೆ ಹರಿದದ್ದು, ಹುಳ ತಿಂದದ್ದು ಆದ್ರೆ ನಮ್ಮಂಥವರಿಗೂ ಎಟಕ್ತದೆ. ನನ್ನ ಹತ್ರ ಇರುವ ಒಂದೇ ಒಂದರಲ್ಲಿ ಹುಳ ಸರಿಯಾಗಿ ಕುಸ್ತಿಪಟುವಿನ ಹೊಕ್ಕುಳ ತಿಂದಿದೆ.

ಪ್ರಶ್ನೆ: ನಮ್ಮಜ್ಜ ಪೈಲ್ವಾನ್ ಇದ್ದ ನೋಡ್ರಿ, ಮನ್ಯಾಗ ಅವನ ಬೆಳ್ಳಿ ಗದಾ ಒಂದು, ಕುಸ್ತಿ ಮೈದಾನದ ಹಳೇ ಪೋಸ್ಟರ್ ನಾಕೈದು ಅದಾವ್ರಿ. ಸುಮೋದಾಗೂ ಗದಾ ಕೊಡ್ತಾರೇನ್ರಿ? ಪೋಸ್ಟರ್ ಮಾರಿ ಸುಮೋದ್ದು ಒಂದು ತಗೋಬೇಕಂತ ಮಾಡೇನಿ.
ಜತ್ತ, ಸಾಂಗಲಿ ಜಿಲ್ಲಾ

ಉತ್ತರ: ಗದೆ ಇಲ್ಲ. ಚಾಂಪಿಯನ್ನಿಗೆ ಚಕ್ರವರ್ತಿಯ ಕಪ್ ಅಂತ ಕೊಡ್ತಾರೆ, 29 ಕಿಲೋ ಹತ್ರ ಭಾರ, ಅದನ್ನೂ ಅವನು ಇಟ್ಕೊಳ್ಳುವ ಹಾಗಿಲ್ಲ, ವಾಪಸ್ ಕೊಟ್ಟು ಅದ್ರ ಸಣ್ಣ ನಕಲು ತಗೊಳ್ಳುದು. ನಿಮ್ಮಜ್ಜನ ಗದೆ ಮನೆಯಲ್ಲೇ ಉಂಟಲ್ಲ, ಆ ಲೆಕ್ಕದಲ್ಲಿ ನಿಮ್ಮಜ್ಜನೇ ವಾಸಿ.

ಪೋಸ್ಟರ್ ಮಾರ್ಬೇಡಿ, ದಮ್ಮಯ್ಯ. ಟೋಕಿಯೋದಲ್ಲಿ ಸುಮೋ ಮ್ಯೂಸಿಯಂ ಅಂತ ಉಂಟು, 1954ರಲ್ಲಿ ತೆರೆದದ್ದು, ಅದು ಶುರು ಆದದ್ದೇ ಸಕಾಯ್ ತದಮಾಸಾ ಅನ್ನುವ ಒಬ್ಬ ಅಭಿಮಾನಿ ಜೀವಮಾನ ಇಡೀ ಕೂಡಿಟ್ಟ ಚಿತ್ರ, ಬಾನ್‌ಜುಕೆಗಳಿಂದ. ಕೆಮ್ಮಣ್ಣಿನ ಕುಸ್ತಿಯ ಕಾಗದ ಅಷ್ಟು ಆಸ್ಥೆಯಿಂದ ಕೂಡಿಟ್ಟವರು ನಿಮ್ಮ ಕಡೆ ಎಷ್ಟು ಜನ ಇದ್ದಾರೆ ಹೇಳಿ. ಜೋಡಿಯ ಹೆಸ್ರು, ಇನಾಮಿನ ಮೊತ್ತ, ತಾರೀಕು ಇರುವ ಆ ನಾಲ್ಕೈದು ಪೋಸ್ಟರ್ ನನಗೆ ಸಿಕ್ಕಿದ್ರೆ ನಾನು ನನ್ನ ಹತ್ತು ಬಾನ್‌ಜುಕೆ ಕೊಡ್ತೇನೆ, ಆದ್ರೆ ನೀವು ಕೊಡ್ಬೇಡಿ.

ಪ್ರಶ್ನೆ: ನಮ್ಮವರು ಜಪಾನಿನಿಂದ ಎರಡು ಕಟ್ಟು ಕಾಟನ್ ಬಟ್ಟೆ ತರಿಸಿ ಕಪಾಟಲ್ಲಿ ಇಟ್ಟು ಬೀಗ ಹಾಕಿದ್ದಾರೆ. ನೀಲಿ ಬಿಳಿ, ಎಂತದೋ ಕುಸ್ತಿಯವನ ಹೆಸ್ರಂತೆ. ಒಳ್ಳೇ ಬಟ್ಟೆ, ತಲೆದಿಂಬಿನ ಕವರ್ ಹೊಲಿಯುವ ಅಂದ್ರೆ ಮೂರು ದಿನ ಮಾತಿಲ್ಲ. ನೀವೇ ಹೇಳಿ.
ಗೃಹಿಣಿ, ಮುಳ್ಳೇರಿಯ

ಉತ್ತರ: ಅಕ್ಕಾ, ಅದು ಹೊಲೀಲಿಕ್ಕೆ ಅಂತಲೇ ಮಾಡಿದ ಬಟ್ಟೆ. ಹೆಸ್ರು ಮಾಡಿದ ಕುಸ್ತಿಪಟುಗಳು ಬೇಸಿಗೆಗೆ ತಮ್ಮ ಹೆಸ್ರು ಹಾಕ್ಸಿ ಯುಕಾತ ಅನ್ನುವ ತೆಳು ನಿಲುವಂಗಿಯ ಬಟ್ಟೆ ಮಾಡ್ಸಿ ಬೇರೆ ಕುಸ್ತಿಪಟುಗಳಿಗೆ, ಬೇಕಾದವರಿಗೆ ಹಂಚ್ತಾರೆ, ಅವ್ರು ಅದನ್ನು ಹೊಲ್ಸಿ ಹಾಕ್ಕೊಂಡು ತಿರುಗ್ತಾರೆ. ಒಂದು ಕಟ್ಟು ಸುಮಾರು 12 ಮೀಟರ್, ಅಗಲ ಒಂದು ಮೊಳಕ್ಕಿಂತ ಕಮ್ಮಿ. ಅಳತೆಗೆ ಅವ್ರು ಹೇಳುದು ‘ತಾನ್’ ಅಂತ, ನಾವು ಜವಳಿ ಅಂಗಡಿಯಲ್ಲಿ ಕೇಳುದೂ ಥಾನು, ಇದು ಹೇಗೆ ಕೂಡಿ ಬಂತೋ. ಎರಡು ಕಟ್ಟು ಇದ್ರೆ ಒಂದು ನಿಮಗೆ ಒಂದು ಅವರಿಗೆ. ಆದ್ರೆ ಕತ್ತರಿ ಹಾಕುವ ಮೊದ್ಲು ಎರಡೂ ಒಂದೇ ಹೆಸರಿನದ್ದಾ ಅಂತ ಕೇಳಿ, ಬೇರೆ ಬೇರೆ ಆದ್ರೆ ಯಾವುದು ಅಂತ ಅವ್ರೇ ಆರಿಸ್ಲಿ. ಈ ಪುಟವನ್ನು ಅವರಿಗೆ ತೋರಿಸ್ಬಹುದು, ನನ್ನ ಮೇಲೆ ಮುನಿಸಿದ್ರೆ ಮುನಿಸ್ಲಿ.

ಪ್ರಶ್ನೆ: ಫ್ರೇಮ್ ಹಾಕಿದ ಬಾನ್‌ಜುಕೆಗೆ ಈ ಮಳೆಗಾಲ ಬೂಷ್ಟು ಹಿಡಿದಿದೆ. ಕಂದು ಚುಕ್ಕಿ ಬೇರೆ. ಬಿಸಿಲು ಬಂದಾಗ ಅಂಗಳದಲ್ಲಿ ಒಣಗಿಸ್ಬಹುದಾ? ಲ್ಯಾಮಿನೇಷನ್ ಮಾಡ್ಸಿಬಿಟ್ರೆ ಒಳ್ಳೇದಾ?
ಬ್ಯಾಂಕ್ ಉದ್ಯೋಗಿ, ಕುಂಬಳೆ

ಉತ್ತರ: ಅಂಗಳದಲ್ಲಿ ಒಣಗಿಸ್ಲಿಕ್ಕೆ ಅದು ಅಡಿಕೆ ಅಲ್ಲ. ಲ್ಯಾಮಿನೇಷನ್ ಅಂತೂ ಕನಸಲ್ಲೂ ಬೇಡ, ಬಿಸಿ ಪ್ಲಾಸ್ಟಿಕ್ ಒಮ್ಮೆ ಹಿಡಿದ್ರೆ ಮತ್ತೆ ಕಾಗದ ವಾಪಸ್ ಬರುದಿಲ್ಲ, ಒಳಗೆ ಉಳಿದ ಪಸೆ ಅಲ್ಲೇ ಕೂತು ಕೆಲಸ ಮಾಡ್ತದೆ.

ನನ್ನ ಮೊದಲ ವರ್ಷದ ಹಾಳೆಗಳೆಲ್ಲ ಹೋದದ್ದು ಹೀಗೇ. ಹಂಚಿನ ಮನೆಯ ಅಟ್ಟ, ಟ್ರಂಕು, ಮೇಲೆ ಬಟ್ಟೆ, ಭದ್ರ ಅಂತ ಅಂದ್ಕೊಂಡಿದ್ದೆ. ಆಟಿ ತಿಂಗಳಲ್ಲಿ ಮುಚ್ಚಳ ತೆಗ್ದ್ರೆ ಒಳಗಿಂದ ಹಳೇ ಚಾಪೆಯ ವಾಸನೆ, ಮೇಲಿನ ಹಾಳೆಯಲ್ಲಿ ತಟ್ಟೆಯಷ್ಟು ಅಗಲಕ್ಕೆ ಕಂದು ಉಂಗುರ, ಕೆಳಗಿನ ನಾಲ್ಕು ಹಾಳೆ ದೋಸೆಯ ಹಾಗೆ ಒಂದಕ್ಕೊಂದು ಅಂಟಿ ಕೂತಿತ್ತು. ಬಿಡಿಸ್ಲಿಕ್ಕೆ ಹೋಗಿ ಎರಡು ಹರಿದೆ. ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳುವ ನೆಲ ನಮ್ಮದು, ಕಾಗದಕ್ಕೆ ಇಲ್ಲಿ ಗೆದ್ದಲಿಗಿಂತ ಗಾಳಿಯೇ ಶತ್ರು.

ಈಗ ನಿಮ್ಮದಕ್ಕೆ. ಫ್ರೇಮಿನಿಂದ ತೆಗೀರಿ. ಹಿಂದೆ ಹಾರ್ಡ್‌ಬೋರ್ಡಿಗೆ ಅಂಟು ಹಾಕಿ ಅಂಟಿಸಿದ್ದಾರಾ ನೋಡಿ, ಹಾಗಿದ್ರೆ ಎಳೀಬೇಡಿ, ಹಾಗೇ ಇಡಿ. ಬಿಡಿಯಾಗಿ ಇದ್ರೆ ಎರಡು ಬಿಳೀ ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಫ್ಯಾನ್ ಇರುವ ಕೋಣೆಯಲ್ಲಿ, ನೆರಳಲ್ಲಿ, ಮೂರು ನಾಲ್ಕು ದಿನ, ಬ್ಲಾಟಿಂಗ್ ಬದಲಿಸ್ತಾ ಇರಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ ಕೂತು, ಮೆತ್ತನೆ ಬ್ರಷ್ಷಿನಲ್ಲಿ ಬೂಷ್ಟನ್ನು ಮೆಲ್ಲ ಗುಡಿಸಿ. ಒದ್ದೆ ಇರುವಾಗ ಒರೆಸಿದ್ರೆ ಅದು ಕಾಗದದೊಳಗೆ ಇನ್ನೂ ಇಳೀತದೆ. ಕಂದು ಚುಕ್ಕಿ ಹೋಗುದಿಲ್ಲ, ಬ್ಲೀಚ್ ಗೀಚ್ ಅಂತ ಹೋಗ್ಬೇಡಿ.

ಆಮೇಲೆ ಇಡುದು ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ, ಚಪ್ಪಟೆಯಾಗಿ, ನಡುವೆ ಆಸಿಡ್ ಇಲ್ಲದ ಕಾಗದ, ಮೂಲೆಯಲ್ಲಿ ಸಿಲಿಕಾ ಜೆಲ್. ಬಣ್ಣ ಬದಲುವ ಜೆಲ್ ಸಿಗ್ತದೆ, ನೀಲಿ ಇದ್ದದ್ದು ಗುಲಾಬಿ ಆದ್ರೆ ತೆಗ್ದು ಬಿಸಿ ಮಾಡಿ ವಾಪಸ್ ಹಾಕ್ಬೇಕು, ಅದಕ್ಕೆ ಅಡುಗೆಯ ಪಾತ್ರೆ ಬೇಡ, ಬೇರೆಯೇ ಒಂದು ಹಳೇ ಬಾಣಲೆ ಇಡಿ. ನುಸಿಗುಳಿಗೆ ಕಾಗದಕ್ಕೆ ತಾಗುವ ಹಾಗೆ ಹಾಕ್ಬೇಡಿ. ಹರಿದಲ್ಲಿಗೆ ಸೆಲೋಟೇಪ್ ಬೇಡ.

ಗೋಡೆಯಲ್ಲಿ ನೋಡುವ ಆಸೆ ಬಿಡ್ಲಿಕ್ಕೆ ಆಗುದಿಲ್ಲ, ಗೊತ್ತು. ಮಳೆ ಹೊಡೆಯುವ ಕಡೆಯ ಮುರಕಲ್ಲಿನ ಗೋಡೆ ಬೇಡ, ಒಳಗಿನ ಗೋಡೆ ಆಗ್ಬೇಕು, ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದ್ರೆ ಗಾಳಿ ಆಡ್ತದೆ, ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಇರ್ಲಿ. ನನ್ನ ಲೆಕ್ಕಾಚಾರ ಕೇಳಿದ್ರೆ, ನವೆಂಬರ್ ಫುಕುಓಕಾ ಪಂದ್ಯ ಶುರು ಆಗುವ ದಿನ ಮೇಲೆ ಹಾಕುದು, ಮೇ ಪಂದ್ಯ ಮುಗಿದ ಸಂಜೆ ಇಳಿಸಿ ಡಬ್ಬಕ್ಕೆ ಹಾಕುದು, ಅಷ್ಟರಲ್ಲಿ ಮಳೆ ಬಂತೇ. ಜುಲೈಯ ನಗೋಯಾ, ಸೆಪ್ಟೆಂಬರಿನ ಟೋಕಿಯೋ ಎರಡನ್ನೂ ನಾನು ನೋಡುದು ಖಾಲಿ ಮೊಳೆಯ ಕೆಳಗೆ ಕೂತು.