ಸೇತುವೆ ಆಯಿತು, ಮುಂದೇನು?

ಶಿವಮೊಗ್ಗದಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವ ಯುವಕ ಯುವತಿಯರಲ್ಲಿ ಒಂದು ಬಗೆಯವರನ್ನು ಮತ್ತೆ ಮತ್ತೆ ಕಾಣುತ್ತೇನೆ. ಅವರಿಗೆ ಓದಿದೆ, ಸಣ್ಣದೋ ದೊಡ್ಡದೋ ಒಂದು ಕೆಲಸವಿದೆ, ಆರೋಗ್ಯವೂ ಇದೆ. ಆದರೆ ಬದುಕಿನ ಮುಂದಿನ ಹೆಜ್ಜೆಯನ್ನು ತಮ್ಮ ಕೈಯಲ್ಲಿಲ್ಲದ ಯಾವುದೋ ಒಂದು ಘಟನೆಗೆ ಒತ್ತೆಯಿಟ್ಟಿರುತ್ತಾರೆ. ನೇಮಕಾತಿ ಅಧಿಸೂಚನೆ ಹೊರಬೀಳಲಿ, ತಂಗಿಯ ಮದುವೆ ಮುಗಿಯಲಿ, ಅಡಿಕೆ ಧಾರಣೆ ಏರಲಿ, ಜಮೀನಿನ ಹಕ್ಕುಪತ್ರ ಕೈಗೆ ಬರಲಿ ಎನ್ನುತ್ತಾರೆ. ಅಲ್ಲಿಯವರೆಗೆ ಬದುಕನ್ನು ಮುಟ್ಟುವುದೇ ಇಲ್ಲ. ಇದನ್ನು ಸೋಮಾರಿತನ ಎಂದು ಬೈಯುವ ಹಿರಿಯರನ್ನು ನಾನು ಒಪ್ಪುವುದಿಲ್ಲ. ಸೋಮಾರಿಗಳಾಗಿದ್ದರೆ ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತು.

ಇಲ್ಲಿ ಹೇಳುತ್ತಿರುವುದು ಅಂಥ ಒಬ್ಬ ಯುವಕನ ವಿಷಯ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ಇಪ್ಪತ್ತೇಳರ ಆಸುಪಾಸು, ಓದಿದ್ದು ಬಿ.ಕಾಂ., ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರ ಹಿರಿಯರ ಊರೂ ಒಂದು. ಕುಟುಂಬ ಗುಡ್ಡ ಹತ್ತಿ ಅಲ್ಲೇ ನೆಲೆ ನಿಂತಿತು. ಈಗ ಉಳುತ್ತಿರುವ ಭೂಮಿಗೆ ಇನ್ನೂ ಸರಿಯಾದ ದಾಖಲೆಯಿಲ್ಲ.

ಅವರು ಬಂದದ್ದು ನಿದ್ದೆ ಬರುವುದಿಲ್ಲ ಎಂಬ ದೂರಿನೊಂದಿಗೆ. ಯಾವಾಗಿನಿಂದ ಎಂದು ಕೇಳಿದರೆ ತಡವಿಲ್ಲದೆ ಉತ್ತರ ಬಂತು: ಸೇತುವೆ ಉದ್ಘಾಟನೆಯಾದ ದಿನದಿಂದ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಈ ಸೇತುವೆಗಾಗಿ ಆ ದಡದ ಜನ ದಶಕಗಳ ಕಾಲ ಕಾದಿದ್ದರು. ಊರೆಲ್ಲ ಸಂಭ್ರಮದಲ್ಲಿದ್ದಾಗ ಈ ಯುವಕನಿಗೆ ಎದೆ ಬಿಗಿದ ಹಾಗಾಯಿತಂತೆ. “ಕಾಲೇಜು ಮುಗಿದಾಗಿನಿಂದ ಯಾರು ಏನು ಕೇಳಿದರೂ ಸೇತುವೆ ಆಗಲಿ, ನೋಡೋಣ ಎನ್ನುತ್ತಿದ್ದೆ. ಹೋಂಸ್ಟೇ ಮಾಡುವುದು, ಮುಂದೆ ಓದುವುದು, ಮದುವೆ, ಎಲ್ಲದಕ್ಕೂ ಅದೇ ಉತ್ತರ. ಈಗ ಸೇತುವೆ ಆಯಿತು ಮೇಡಂ. ಇನ್ನು ಮುಂದೆ ಏನು ಹೇಳಲಿ?”

ಅವರ ನಿಜವಾದ ಸಂಕಟ ಆ ಪ್ರಶ್ನೆಯಲ್ಲಿತ್ತು. ಕಾದದ್ದು ಬಂದಿತ್ತು, ಆದರೆ ಅದರ ಆಚೆಗೆ ಏನೆಂದು ಅವರು ಒಮ್ಮೆಯೂ ಯೋಚಿಸಿರಲಿಲ್ಲ. ಸೇತುವೆಯ ಜಾಗದಲ್ಲಿ ಆಗಲೇ ಹಕ್ಕುಪತ್ರವನ್ನು ತಂದು ಕೂರಿಸುತ್ತಿದ್ದರು.

ಯೋಜನೆಯ ಮಾತಿಗೆ ಮೊದಲು ನಾನು ಊಟ, ನಿದ್ದೆ, ಸಾವಿನ ಯೋಚನೆ ಇವನ್ನೆಲ್ಲ ವಿವರವಾಗಿ ಕೇಳಿದೆ. ಮುಂದೆ ಏನೂ ಕಾಣುತ್ತಿಲ್ಲ ಎನ್ನುವುದು ಕೆಲವೊಮ್ಮೆ ಖಿನ್ನತೆಯ ಲಕ್ಷಣವಾಗಿರುತ್ತದೆ. ಅಂಥವರ ಕೈಗೆ ಕಾಗದ ಪೆನ್ನು ಕೊಟ್ಟು ಗುರಿ ಬರೆಯಿರಿ ಎನ್ನುವುದು ಕ್ರೌರ್ಯ. ಅವರಿಗೆ ಮೊದಲು ಬೇಕಾದದ್ದು ಚಿಕಿತ್ಸೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯಕೀಯ ತಪಾಸಣೆ ಇರುತ್ತದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಈ ಯುವಕನದು ಆ ಸ್ಥಿತಿ ಆಗಿರಲಿಲ್ಲ.

ಮುಂದಿನ ಭೇಟಿಗೆ ಎರಡು ಶಬ್ದಚಿತ್ರ ಬರೆದು ತರಲು ಹೇಳಿದ್ದೆ. ಮೂರು ವರ್ಷದ ನಂತರದ ಒಂದು ಸಾಮಾನ್ಯ ದಿನ, ತಾವು ಬಯಸಿದಂತೆ ಒಂದು, ತಾವು ಹೆದರುವಂತೆ ಇನ್ನೊಂದು. 1986ರಲ್ಲಿ ಹೇಜಲ್ ಮಾರ್ಕಸ್ ಮತ್ತು ಪೌಲಾ ನೂರಿಯಸ್ ಎಂಬ ಮನೋವಿಜ್ಞಾನಿಗಳು ಮುಂದಿಟ್ಟ ವಿಚಾರ ಇದು: ನಾನು ಏನಾಗಬಹುದು, ಏನಾಗಿಬಿಡಬಹುದು ಎಂಬ ಕಲ್ಪನೆಗಳು ಇವತ್ತಿನ ನಡೆಯನ್ನು ಎಳೆಯುತ್ತವೆ, ತಳ್ಳುತ್ತವೆ. ಯುವಕ ತಂದ ಹಾಳೆಯಲ್ಲಿ ಹೆದರಿಕೆಯ ದಿನ ಒಂದೂವರೆ ಪುಟವಿತ್ತು. ಅದೇ ಮಂಡಿ, ಅದೇ ಕುರ್ಚಿ, ಸಾಲ, ಒಬ್ಬಂಟಿತನ, ಯಾವುದನ್ನೂ ಬಿಟ್ಟಿರಲಿಲ್ಲ. ಬಯಕೆಯ ದಿನದ ಕೆಳಗೆ ಒಂದು ಅಕ್ಷರವೂ ಇರಲಿಲ್ಲ. “ಬರೆಯಲು ಕೂತರೆ ಅಜ್ಜಿ ನೆನಪಾಗುತ್ತಾರೆ. ಮುಂದಿನದನ್ನು ಹೇಳಬಾರದು, ಬರೆಯಬಾರದು ಎನ್ನುತ್ತಾರೆ” ಎಂದರು.

ಅಜ್ಜಿಯನ್ನು ಕರೆದುಕೊಂಡು ಬರಲು ಸಾಧ್ಯವೇ ಎಂದು ಕೇಳಿದೆ. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪವಿದೆ. ವಯಸ್ಕನ ಬದುಕಿನ ನಿರ್ಧಾರಕ್ಕೆ ಮನೆಯವರನ್ನು ಏಕೆ ಎಳೆಯಬೇಕು ಎನ್ನುತ್ತಾರೆ. ಯುವಕನ ಒಪ್ಪಿಗೆ ಇಲ್ಲದೆ ನಾನು ಕರೆಯುತ್ತಿರಲಿಲ್ಲ. ಆದರೆ ಒಂದೇ ಒಲೆಯ ಮನೆಯಲ್ಲಿ ಬದುಕುವ ಹುಡುಗನ ಯೋಜನೆ ಆ ಮನೆಯೊಳಗೆ ಬಾಯಿಬಿಟ್ಟು ಹೇಳಲಾಗದ್ದಾದರೆ ಅದು ವಾರವೊಂದು ಉಳಿಯುವುದಿಲ್ಲ. ಇಷ್ಟು ವರ್ಷ ಮಲೆನಾಡಿನ ಮನೆಗಳ ಕಷ್ಟಸುಖ ಕೇಳಿದ ಮೇಲೆ ಈ ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ.

ಅಜ್ಜಿ ಕಣ್ಣಿನ ಆಸ್ಪತ್ರೆಗೆಂದು ಶಿವಮೊಗ್ಗಕ್ಕೆ ಬಂದ ದಿನ ನನ್ನಲ್ಲಿಗೂ ಬಂದರು. ಎಪ್ಪತ್ತು ದಾಟಿದವರು, ನೇರ ಮಾತಿನವರು. ಕುಳಿತವರೇ ಹೇಳಿದರು: “ಹುಡುಗ ಒಳ್ಳೆಯವನೇ ಮೇಡಂ. ಆದರೆ ಮುಂದಿನದನ್ನು ಈಗಲೇ ಲೆಕ್ಕ ಹಾಕುವುದು ನಮ್ಮ ಮನೆಗೆ ಆಗಿಬರುವುದಿಲ್ಲ.”

“ಏಕೆ ಅಜ್ಜಿ?”

“ನಮ್ಮ ಮಾವನವರು ಹೊಳೆಬದಿಯಲ್ಲಿ ತೋಟ ಹಾಕಿದ್ದರು. ಅಡಿಕೆ ಫಸಲಿಗೆ ಬರಲು ಏನಿಲ್ಲವೆಂದರೂ ಐದಾರು ವರ್ಷ ಬೇಕಲ್ಲ. ಈ ತೋಟದ ಹಣದಲ್ಲಿ ಮಹಡಿ ಮನೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ. ಅಡಿಕೆ ಮರದಲ್ಲಿ ಸಿಂಗಾರದ ಹೂಗೊನೆ ಒಡೆದ ವರ್ಷವೇ ಊರು ಖಾಲಿ ಮಾಡಬೇಕಾಯಿತು. ತೋಟದ ಮೇಲೆ ನೀರು ಏರುವುದನ್ನು ಗುಡ್ಡದ ಮೇಲೆ ನಿಂತು ನೋಡಿದವರು ಅವರು. ಅಷ್ಟು ಮುಂದಿನ ಲೆಕ್ಕ ಹಾಕಿದ್ದಕ್ಕೇ ಹೀಗಾಯಿತು ಎಂದು ಸಾಯುವ ತನಕ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಯಾರೂ ಬರುವ ವರ್ಷದ ಮಾತನ್ನು ಜೋರಾಗಿ ಆಡಿದ್ದು ಕೇಳಿಲ್ಲ.”

ಮೊಮ್ಮಗ ಈ ಕಥೆಯನ್ನು ಇಷ್ಟು ಪೂರ್ಣವಾಗಿ ಕೇಳಿರಲಿಲ್ಲ. ನಾನು ವಾದಕ್ಕಿಳಿಯಲಿಲ್ಲ. ಒಂದು ರಾಜ್ಯಕ್ಕೆ ಬೆಳಕು ಕೊಡಲು ತನ್ನದೆಲ್ಲವನ್ನೂ ಕಳೆದುಕೊಂಡ ಮನೆಯ ಭಯ ಅದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಹಕ್ಕು ನನಗಿಲ್ಲ. ಬದಲಿಗೆ, ಸೇತುವೆಗೆ ಮೊದಲು ಹಿನ್ನೀರು ದಾಟಲು ಲಾಂಚ್ ಇದ್ದ ಕಾಲದ ಸಂಸಾರ ಹೇಗೆ ನಡೆಯುತ್ತಿತ್ತು ಎಂದು ಕೇಳಿದೆ.

ಅಜ್ಜಿಯ ಮುಖ ಅರಳಿತು. ಮಳೆ ಹಿಡಿಯುವ ಮೊದಲು ಕಟ್ಟಿಗೆ ಒಟ್ಟಬೇಕು, ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತುಂಬಿಸಬೇಕು. ಅಕ್ಕಿ, ಮೆಣಸು, ಹಪ್ಪಳ, ಮಿಡಿ ಉಪ್ಪಿನಕಾಯಿ, ಎಲ್ಲವೂ ಮಳೆಗಾಲ ದಾಟುವಷ್ಟು ಇರಬೇಕು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಔಷಧಿ ಹೊಡೆದು ಉಪಯೋಗವಿಲ್ಲ, ಮುಂಗಾರು ಬಲಿಯುವ ಮುನ್ನವೇ ಮೈಲುತುತ್ತ, ಸುಣ್ಣ ತಂದಿಟ್ಟು ಬೋರ್ಡೋ ದ್ರಾವಣ ಹೊಡೆಸಬೇಕು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದಿಲ್ಲ, ಹಾಗಾಗಿ ಭಾರದ ಸಾಮಾನು ಅದಕ್ಕೂ ಮೊದಲೇ ಬಂದಿರಬೇಕು. ಆಮೇಲೆ ಮೊಮ್ಮಗನ ಕಡೆ ಕೈ ತೋರಿಸಿ, “ಇವನು ಹೊಟ್ಟೆಯಲ್ಲಿದ್ದಾಗ ಇವನ ಅಮ್ಮನನ್ನು ಏಳು ತುಂಬುತ್ತಲೇ ಸಾಗರದ ನೆಂಟರ ಮನೆಯಲ್ಲಿ ಬಿಟ್ಟಿದ್ದೆವು. ರಾತ್ರಿ ನೋವು ಬಂದರೆ ಯಾವ ಲಾಂಚ್ ಇತ್ತು?” ಎಂದರು.

ಮೊಮ್ಮಗ ತಡೆದು ಕೇಳಿದರು: “ಅಜ್ಜಿ, ಮುಂದಿನದನ್ನು ಲೆಕ್ಕ ಹಾಕಬಾರದು ಎಂದೆಯಲ್ಲ. ಇದೆಲ್ಲ ಮತ್ತೇನು?”

“ಅಪ್ಪಿ, ಲಾಂಚನ್ನು ನಂಬಿ ಬಸುರಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿತ್ತೇ?”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಯುವಕ ನನ್ನನ್ನು ನೋಡಿ, “ನಾನು ಲಾಂಚನ್ನು ನಂಬಿಯೇ ಕೂತಿದ್ದೇನೆ ಮೇಡಂ” ಎಂದರು.

ಈ ಪ್ರಕರಣದಲ್ಲಿ ನಾನು ಕೊಟ್ಟ ಎಲ್ಲ ಸಲಹೆಗೂ ಅಜ್ಜಿಯ ಆ ಪ್ರಶ್ನೆಯೇ ಆಧಾರ. ನಾಳೆ ಏನಾಗುತ್ತದೋ ಗೊತ್ತಿಲ್ಲ, ಹಾಗಿರುವಾಗ ಯೋಜನೆ ಏಕೆ ಎಂದು ಬಹಳ ಮಂದಿ ಕೇಳುತ್ತಾರೆ. ಗೊತ್ತಿಲ್ಲದ್ದರಿಂದಲೇ ಆ ಮನೆ ಅಷ್ಟೆಲ್ಲ ಸಿದ್ಧತೆ ಮಾಡಿತ್ತು. ಮಾವನವರ ಲೆಕ್ಕದಲ್ಲಿ ಒಂದೇ ದಾರಿಯಿತ್ತು, ಎಲ್ಲವೂ ಒಂದೇ ತೋಟದ ಮೇಲೆ ನಿಂತಿತ್ತು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅಣೆಕಟ್ಟೆ ಕಟ್ಟುವವರು ಅವರನ್ನು ಕೇಳಿ ಕಟ್ಟಲಿಲ್ಲ. ಸೊಸೆಯ ಲೆಕ್ಕದಲ್ಲಿ ಮಾತ್ರ ಪ್ರತಿಯೊಂದಕ್ಕೂ ಹೀಗಾಗದಿದ್ದರೆ ಹಾಗೆ ಎಂಬ ಇನ್ನೊಂದು ದಾರಿ ಇತ್ತು. ಯುವಕ ಈ ಎರಡನೆಯ ಬಗೆಯ ಲೆಕ್ಕವನ್ನು ಕಣ್ಣೆದುರೇ ಕಂಡು ಬೆಳೆದವರು. ಅದನ್ನು ತಮ್ಮ ಬದುಕಿಗೆ ಅನ್ವಯಿಸಿಕೊಂಡಿರಲಿಲ್ಲ, ಅಷ್ಟೆ.

ಸಲಹೆಗೆ ಬರುತ್ತೇನೆ. ಹಕ್ಕುಪತ್ರದ ಕೆಲಸವನ್ನು ಬಿಡಬೇಡಿ ಎಂದೆ. ಅರ್ಜಿಯ ಪ್ರತಿಗಳನ್ನು ಒಂದು ಕಡತದಲ್ಲಿಟ್ಟು, ಕಚೇರಿಗೆ ಹೋಗಬೇಕಾದಾಗ ಹೋಗಿ, ಊರಿನವರ ಹೋರಾಟದಲ್ಲೂ ನಿಲ್ಲಿ. ಆದರೆ ಅರಣ್ಯ ಕಾಯ್ದೆಯ ತೊಡಕಿನಲ್ಲಿರುವ ಆ ಕಾಗದ ಬರುವ ದಿನವನ್ನು ನಿಮ್ಮ ಯೋಜನೆಯ ಯಾವ ಸಾಲಿನಲ್ಲೂ ಬರೆಯಬೇಡಿ. ಬಂದರೆ ಏನು ಮಾಡುತ್ತೇನೆ ಎಂದು ಬೇರೆ ಹಾಳೆಯಲ್ಲಿ ಬರೆದಿಡಿ. ಭೂಮಿ ಕಳೆದುಕೊಂಡವರಿಗೆ ಯೋಜನೆ ಮಾಡು ಎನ್ನುವುದು, ಅನ್ಯಾಯದ ಹೊಣೆಯನ್ನು ಅವರ ತಲೆಗೇ ಕಟ್ಟಿದಂತೆ ಎಂಬ ಟೀಕೆಯನ್ನು ನಾನು ಕೇಳಿದ್ದೇನೆ. ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರವೇ ಮಾಡಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಆ ನ್ಯಾಯ ಸಿಗುವವರೆಗೆ ಇಪ್ಪತ್ತೇಳು ವರ್ಷದ ಯುವಕ ತನ್ನ ಬದುಕನ್ನು ಮುಂದೂಡುತ್ತಾ ಹೋದರೆ, ಅರವತ್ತು ವರ್ಷದ ಹಿಂದೆ ಮುಳುಗಿದ ತೋಟದ ಲೆಕ್ಕಕ್ಕೆ ಇವರ ಆಯುಸ್ಸೂ ಸೇರುತ್ತದೆ. ಅದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಬಯಕೆಯ ದಿನದ ಚಿತ್ರವನ್ನು ಅಲ್ಲೇ ಕುಳಿತು ಬರೆಸಿದೆ. ಸಾಗರದಲ್ಲಿ ತಮ್ಮದೇ ಒಂದು ಸಣ್ಣ ಕಚೇರಿ, ಬೆಳೆಗಾರರ ಮತ್ತು ಸಣ್ಣ ವ್ಯಾಪಾರಿಗಳ ತೆರಿಗೆ, ಲೆಕ್ಕಪತ್ರದ ಕೆಲಸ, ಸಂಜೆ ಮನೆಗೆ ಬರಲು ಬೈಕು. ಹೋಂಸ್ಟೇ ಅದರಲ್ಲಿ ಇರಲೇ ಇಲ್ಲ. ಅದು ಗೆಳೆಯರ ಕನಸು ಎಂಬುದು ಬರೆಯುವಾಗ ಅವರಿಗೇ ತಿಳಿಯಿತು.

ಸುಂದರ ಕಲ್ಪನೆಯಲ್ಲೇ ನಿಲ್ಲಬಾರದು. ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗನ್ ಅವರ ಅಧ್ಯಯನಗಳು ಹೇಳುವುದು ಇದನ್ನೇ: ಬಯಸಿದ್ದು ಆಗಿಹೋದಂತೆ ಕಲ್ಪಿಸಿ ಸುಖಿಸುವವರು ಕಡಿಮೆ ಪ್ರಯತ್ನ ಪಡುತ್ತಾರೆ. ಕಲ್ಪನೆಯ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಬೇಕು. ಇವರಿಗಿದ್ದ ದೊಡ್ಡ ಅಡ್ಡಿ ಹಣದ್ದಲ್ಲ, ಸಂಜೆ ಮಂಡಿಯಿಂದ ಬಂದ ಮೇಲೆ ಮೊಬೈಲಿನಲ್ಲಿ ಕಳೆದುಹೋಗುವ ಹೊತ್ತು. ಇನ್ನೊಬ್ಬ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ತೋರಿಸಿಕೊಟ್ಟ ವಿಧಾನ ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ಓದುತ್ತೇನೆ ಎಂದಷ್ಟೇ ಬರೆಯದೆ, ಇಂಥ ಹೊತ್ತಿನಲ್ಲಿ ಇಂಥ ಜಾಗದಲ್ಲಿ ಇಂಥದ್ದು ಆದಾಗ ಇದನ್ನು ಮಾಡುತ್ತೇನೆ ಎಂದು ಕಟ್ಟಿಡುವುದು. ಇವರು ಬರೆದ ಸಾಲು: “ರಾತ್ರಿ ಊಟದ ತಟ್ಟೆ ತೊಳೆದ ಕೂಡಲೇ ಮೊಬೈಲನ್ನು ಅಜ್ಜಿಯ ಕೋಣೆಯಲ್ಲಿಟ್ಟು ಜಗಲಿಯ ಮೇಜಿನ ಬಳಿ ಕೂರುತ್ತೇನೆ.”

ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುವುದು, ಜೊತೆಗೆ ಮಂಡಿಯ ಪರಿಚಯದವರಲ್ಲಿ ಒಬ್ಬಿಬ್ಬರ ಲೆಕ್ಕಪತ್ರ ತೆಗೆದುಕೊಳ್ಳುವುದು ಎಂದು ತೀರ್ಮಾನವಾಯಿತು. ಒಂದು ವರ್ಷದಲ್ಲಿ ಕಚೇರಿ ತೆರೆಯುತ್ತೇನೆ ಎಂದು ಅವರು ಉತ್ಸಾಹದಿಂದ ಬರೆದದ್ದನ್ನು ನಾನು ಎರಡು ವರ್ಷಕ್ಕೆ ತಿದ್ದಿಸಿದೆ. ನಮ್ಮ ಕೆಲಸಕ್ಕೆ ಹಿಡಿಯುವ ಸಮಯವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ ಎಂದು ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಹೇಳಿದ್ದಾರೆ. ಗಡುವು ತಪ್ಪಿದಾಗ ಯೋಜನೆಯನ್ನೇ ಬಿಟ್ಟುಬಿಡುವವರನ್ನು ನಾನು ಬಹಳ ಕಂಡಿದ್ದೇನೆ.

ಯೋಜನೆಯನ್ನು ಮರುನೋಡಲು ಎರಡು ದಿನ ಗೊತ್ತುಮಾಡಿದೆವು: ಯುಗಾದಿ ಮತ್ತು ಭೂಮಿ ಹುಣ್ಣಿಮೆ. ಆ ದಿನ ಹಾಳೆ ತೆಗೆದು, ಆದದ್ದು, ಆಗದ್ದು, ಬಿಡಬೇಕಾದದ್ದು ಯಾವುದು ಎಂದು ನೋಡುವುದು. ನಡುವೆ ಬೇಸರವಾದ ರಾತ್ರಿ ಯಾವ ನಿರ್ಧಾರವನ್ನೂ ಬದಲಿಸುವಂತಿಲ್ಲ. ಈ ನಿಯಮವನ್ನು ಎಲ್ಲ ಓದುಗರಿಗೂ ಶಿಫಾರಸು ಮಾಡುತ್ತೇನೆ, ಏಕೆಂದರೆ ನಾನು ಕಂಡ ಬಹುಪಾಲು ಯೋಜನೆಗಳು ಬೇಸರದ ರಾತ್ರಿಯಲ್ಲೇ ಮುರಿದಿವೆ.

ಹೆತ್ತವರಲ್ಲಿ ಒಂದು ಕೋರಿಕೆ. ಮಗ ಅಥವಾ ಮಗಳು ಮುಂದಿನ ಮಾತು ತೆಗೆದಾಗ, “ಅದು ಆಗದಿದ್ದರೆ?” ಎಂಬ ಪ್ರಶ್ನೆಯನ್ನು ಮೊದಲೇ ಎಸೆಯಬೇಡಿ. ಆ ಪ್ರಶ್ನೆ ಬೇಕು, ಆದರೆ ಎರಡನೆಯದಾಗಿ. ನಮ್ಮಿಂದ ಏನು ಬೇಕು, ಯಾವಾಗ ಬೇಕು ಎಂದು ಮೊದಲು ಕೇಳಿ. ಆ ಅಜ್ಜಿ ಕೇಳಿದ್ದು ಹಾಗೆಯೇ. “ಫೀಸು ಕಟ್ಟುವುದು ಯಾವಾಗ? ಕೊಯ್ಲಿನ ಮುಂಚೆಯೋ, ಆಮೇಲೋ?”

ಅವರ ಒಂದು ಷರತ್ತು ಮಾತ್ರ ಹಾಗೇ ಉಳಿದಿದೆ. ಮನೆಯೊಳಗೆ ಏನು ಬೇಕಾದರೂ ಬರೆಯಲಿ, ಮಾತನಾಡಲಿ, ಕಚೇರಿಯ ಬಾಗಿಲು ತೆರೆಯುವ ತನಕ ಊರಿನವರಿಗೆ ಹೇಳಬಾರದು. ಇದನ್ನು ಬದಲಿಸಲು ನಾನು ಯತ್ನಿಸಲಿಲ್ಲ. ಆ ಷರತ್ತು ಮೊಮ್ಮಗನ ಯಾವ ಕೆಲಸಕ್ಕೂ ಅಡ್ಡ ಬರುವುದಿಲ್ಲ, ಅಜ್ಜಿಗೆ ಅದರಿಂದ ಧೈರ್ಯ ಸಿಗುತ್ತದೆ.