ಬೀದಿದೀಪ ಕೆಟ್ಟರೆ ಆ್ಯಪ್‌ಗೆ ಹಾಕಬೇಕಾ, ಟಿವಿಯವರಿಗೆ ಹೇಳಬೇಕಾ?

ನೀವು ಕೇಳಿರುವುದು ಇಷ್ಟು: ಮೈಸೂರಿಗೆ ಹೊಸದಾಗಿ ಬಂದಿದ್ದೀರಿ. ಬೀದಿದೀಪ, ಚರಂಡಿ, ಕಸ ಅಂತ ದೂರು ಇದ್ದರೆ ಆ್ಯಪ್‌ನಲ್ಲಿ ಹಾಕಿದರೆ ಕೆಲಸ ಆಗುತ್ತಾ, ಇಲ್ಲ ನ್ಯೂಸ್ ಚಾನೆಲ್‌ನವರಿಗೆ ಹೇಳಿದರೆ ಆಗುತ್ತಾ?

ನಾನು ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಎರಡರಿಂದಲೂ ಸ್ವಲ್ಪ ಸ್ವಲ್ಪ ಉಪಯೋಗ ಆಗಿದೆ. ಆದರೆ ಕೆಲಸ ಪೂರ್ತಿ ಆಗಬೇಕಾದರೆ "ಇದು ನನ್ನ ಬೀದಿ, ನಾನೇ ಮಾಡಿಸಬೇಕು" ಅನ್ನುವ ಒಬ್ಬರು ಬೇಕು. ನಮ್ಮೂರಲ್ಲಿ ತಪ್ಪಿಹೋಗಿರುವುದು ಅದೇ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ್ಯಪ್ ವಿಷಯ. ಕೆಲಸದ ಮೇಲೆ ಮೂರು ವರ್ಷ ಬೇರೊಂದು ಊರಿನಲ್ಲಿದ್ದೆ. ಊರಿನ ಹೆಸರು ಬೇಡ. ನಮ್ಮ ಬಾಡಿಗೆ ಮನೆ ಮುಂದಿನ ಕಂಬದ ದೀಪ ಕೆಟ್ಟಿತ್ತು. ಪಕ್ಕದ ಮನೆ ಅಜ್ಜಿ ಸಂಜೆ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದರು, ಕತ್ತಲಲ್ಲಿ ಚಪ್ಪಡಿ ಕಾಣುವುದಿಲ್ಲ ಅಂತ. ನಾನು ಫೋಟೋ ತೆಗೆದು ಆ್ಯಪ್‌ನಲ್ಲಿ ಹಾಕಿದೆ. ಹನ್ನೊಂದು ಅಂಕಿಯ ದೂರಿನ ಸಂಖ್ಯೆ ಬಂತು. ನಾಲ್ಕನೇ ದಿನ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಹೊರಗೆ ಬಂದು ನೋಡಿದರೆ ಅದೇ ಕತ್ತಲು. ಮತ್ತೆ ಹಾಕಿದೆ. ಮತ್ತೆ ಅದೇ ಮೆಸೇಜ್.

ಒಂದು ದಿನ ನಮ್ಮ ರಸ್ತೆಯ ಕೊನೆಯಲ್ಲಿ ದೀಪ ರಿಪೇರಿಯವರ ಏಣಿ ಗಾಡಿ ಕಂಡಿತು. ಓಡಿಹೋಗಿ ಫೋನ್ ತೋರಿಸಿದೆ. ಆ ಹುಡುಗ ಫೋನ್ ಕಡೆ ನೋಡಲೇ ಇಲ್ಲ. "ಸಾರ್, ಈ ನಂಬರು ಆಫೀಸಿನವರಿಗೆ. ನಮಗೆ ಬೇಕಾಗಿರೋದು ಕಂಬದ ನಂಬರು" ಅಂದ. ಕಂಬಕ್ಕೆ ನಂಬರ್ ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ನೋಡಿದೆವು. ಟ್ಯೂಷನ್ ಪೋಸ್ಟರ್, ಅದರ ಕೆಳಗೆ ಪಿಜಿ ಪೋಸ್ಟರ್, ಅದನ್ನೂ ಕಿತ್ತರೆ ಹಳದಿ ಪೇಂಟಿನಲ್ಲಿ ಬರೆದ ಅಂಕಿ. ಅವನು ಅದನ್ನು ಅಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಂಡ. ಮಾರನೇ ದಿನ ದೀಪ ಬಂತು. ಕೆಟ್ಟಿದ್ದು ಬಲ್ಬ್ ಅಲ್ಲ, ಮೂಲೆಯ ಸ್ವಿಚ್ ಪೆಟ್ಟಿಗೆಯೊಳಗಿನ ಒಂದು ವೈರು.

ಆ್ಯಪ್ ಬಗ್ಗೆ ನನಗೆ ದ್ವೇಷ ಇಲ್ಲ. ಅದು ತಾರೀಖು ಹಾಕಿದ ದಾಖಲೆ ಕೊಡುತ್ತದೆ, ಅದು ದೊಡ್ಡ ವಿಷಯ. ಆದರೆ ದೂರನ್ನು ಮುಚ್ಚುವವರು ಒಬ್ಬರು, ಕಂಬ ಹತ್ತುವವರು ಇನ್ನೊಬ್ಬರು. ದೂರು ಕೊಟ್ಟವರು "ಹೌದು, ದೀಪ ಉರಿಯುತ್ತಿದೆ" ಅಂತ ಒಪ್ಪಿದ ಮೇಲೇ ದೂರು ಮುಚ್ಚುವ ಹಾಗೆ ಆದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಈಗ ಟಿವಿ. ಅದೇ ಊರಿನಲ್ಲಿ ಒಂದು ಮಳೆಗಾಲ ಚರಂಡಿ ಉಕ್ಕಿ ಮೂರು ಮನೆಗೆ ನೀರು ನುಗ್ಗಿತು. ಯಾರೋ ಒಂದು ಚಾನೆಲ್‌ಗೆ ಫೋನ್ ಮಾಡಿದರು, ಕ್ಯಾಮೆರಾ ಬಂತು. ಇಡೀ ಶೂಟಿಂಗ್ ಕಾಲು ಗಂಟೆಯೂ ಆಗಲಿಲ್ಲ. ಬಕೆಟ್‌ನಲ್ಲಿ ನೀರು ಎತ್ತಿ ಹಾಕುತ್ತಿದ್ದ ಹೆಂಗಸಿಗೆ "ಅಮ್ಮಾ, ಇನ್ನೊಂದು ಸಲ ಹಾಕಿ" ಅಂದರು. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಗಳು ಜೀಪಿನಲ್ಲಿ ಬಂದರು, ಚರಂಡಿಯ ಎರಡೂ ಅಂಚಿಗೆ ಬಿಳಿ ಬ್ಲೀಚಿಂಗ್ ಪೌಡರ್ ಬಿತ್ತು. ಅಷ್ಟು ಬೇಗ ಜೀಪು ಬಂದದ್ದು ಟಿವಿಯಿಂದಲೇ, ಅದನ್ನು ಒಪ್ಪಬೇಕು. ಆದರೆ ಚರಂಡಿ ಉಕ್ಕಿದ್ದು ಮುಂದಿನ ಮೋರಿಯ ಪೈಪ್ ಸಣ್ಣದಾಗಿದ್ದರಿಂದ. ಪೈಪ್ ಬಗ್ಗೆ ಕ್ಯಾಮೆರಾ ಮುಂದೆ ಯಾರೂ ಕೇಳಲಿಲ್ಲ. ಮುಂದಿನ ವರ್ಷವೂ ಅದೇ ಮೂರು ಮನೆಗೆ ನೀರು ಬಂತು, ಆ ಸಲ ಕ್ಯಾಮೆರಾ ಬರಲಿಲ್ಲ.

ಮೈಸೂರಿನದೇ ಉದಾಹರಣೆ ಬೇಕಾದರೆ ಲ್ಯಾನ್ಸ್‌ಡೌನ್ ಕಟ್ಟಡದ ಕಡೆ ಒಂದು ಸಲ ಹೋಗಿ ನೋಡಿ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. ಸರಿಯಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ಒಡೆದು ಹೊಸದು ಕಟ್ಟಬೇಕೋ, ಹಳೆಯದನ್ನೇ ರಿಪೇರಿ ಮಾಡಬೇಕೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ತಜ್ಞರು ಒಂದು ಹೇಳಿದರು, ಅಧಿಕಾರಿಗಳು ಇನ್ನೊಂದು ಹೇಳಿದರು, ವಿಷಯ ಹೈಕೋರ್ಟಿಗೂ ಹೋಯಿತು. ಹೂವು, ವೀಳ್ಯದೆಲೆ, ನಂಜನಗೂಡು ರಸಬಾಳೆ ಮಾರುವವರು ಅದೇ ಗೋಡೆಗಳ ನಡುವೆ ಕುಳಿತು ವ್ಯಾಪಾರ ಮಾಡುತ್ತಲೇ ಇದ್ದರು. ಕಟ್ಟಡ ಬಿದ್ದರೆ ಟಿವಿಗೆ ಸುದ್ದಿ. ಬೀಳದ ಹಾಗೆ ನಿಲ್ಲಿಸುವ ಕೆಲಸ ಎಲ್ಲಿಗೆ ಬಂತು ಅನ್ನುವುದು ಸುದ್ದಿ ಆಗುವುದಿಲ್ಲ. ನನಗೆ ಟಿವಿ ನ್ಯೂಸ್ ಮೇಲೆ ಇರುವ ನಿಜವಾದ ಬೇಸರ ಇದು. ಕಿರುಚಾಟ, ಕೆಂಪು ಅಕ್ಷರ ಇವೆಲ್ಲ ಆಮೇಲಿನ ಮಾತು.

ಇನ್ನೊಂದು ನೋಡಿ. ಸ್ವಚ್ಛತೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಅಂತ 2015ರಲ್ಲಿ ಬಂತು, 2016ರಲ್ಲೂ ಬಂತು. ಚಾನೆಲ್‌ಗಳಲ್ಲಿ ಅರಮನೆಯ ದೀಪಾಲಂಕಾರ ತೋರಿಸಿ ಹೆಮ್ಮೆ ಪಟ್ಟರು. 2017ರಲ್ಲಿ ಐದನೇ ಸ್ಥಾನ ಬಂದಾಗ ಬೇಜಾರು ಪಟ್ಟರು. ಕುಂಬಾರಕೊಪ್ಪಲಿನ ಘಟಕದಲ್ಲಿ ಕಸ ಬೇರೆ ಮಾಡಿ, ಹಸಿಯದನ್ನು ಗೊಬ್ಬರ ಮಾಡಿ, ಪ್ಲಾಸ್ಟಿಕ್ಕನ್ನು ವಿಂಗಡಿಸಿ ಮಾರಾಟಕ್ಕೆ ಕಳಿಸುವ ಹೆಂಗಸರ ಕೈಗಳನ್ನು ಜಾಸ್ತಿ ತೋರಿಸಬೇಕಿತ್ತು. ಆ ಸ್ಥಾನ ಬಂದದ್ದು ಬೆಳಗಿನ ಜಾವ ಬೀದಿಗೆ ಇಳಿಯುವ ಪೌರಕಾರ್ಮಿಕರಿಂದ. ದೀಪಾಲಂಕಾರದಿಂದ ಅಲ್ಲ.

ಮಾಧ್ಯಮ, ತಂತ್ರಜ್ಞಾನ ಅಂದರೆ ಹೀಗೇ ಇರಬೇಕು ಅಂತ ಏನಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ಇದೇ ಊರಿನಲ್ಲಿ, ತಮ್ಮ ಮನೆ ವಿಠ್ಠಲ ವಿಹಾರದಿಂದ ಸ್ವಂತವಾಗಿ ರೇಡಿಯೊ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಇವತ್ತಿಗೂ ಬೀದಿ ವಿಷಯ ತಿಳಿಯಬೇಕಾದರೆ ನಾನು ನೋಡುವುದು ಆಂದೋಲನ, ಮೈಸೂರು ಮಿತ್ರ ಪತ್ರಿಕೆಗಳ ಒಳಪುಟಗಳನ್ನು. ಯಾವ ಬಡಾವಣೆಗೆ ನಾಳೆ ನೀರು ಬರಲ್ಲ, ಎಲ್ಲಿ ಕರೆಂಟ್ ಇರಲ್ಲ ಅನ್ನುವುದು ಸಿಗುವುದು ಅಲ್ಲಿ. ನೀವು ಹೊಸಬರಾದ್ದರಿಂದ ಹೇಳುತ್ತೇನೆ, ಮನೆಗೆ ಒಂದು ಲೋಕಲ್ ಪೇಪರ್ ಹಾಕಿಸಿಕೊಳ್ಳಿ.

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ. ನಮ್ಮ ಪಾಲಿಕೆಗೆ 65 ವಾರ್ಡು. 2018ರಲ್ಲಿ ಚುನಾವಣೆ ನಡೆಯಿತು, ಆ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಚುನಾವಣೆ ಆಗಲಿಲ್ಲ. 2024 ಹಾಗೇ ಹೋಯಿತು, 2025ನೂ ಹೋಯಿತು. ಸಂವಿಧಾನದ 243-ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ: ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಬೆಂಗಳೂರಿನ ಕಥೆ ಇನ್ನೂ ಹಳೆಯದು. ಅಲ್ಲಿ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಊರಂಚಿನ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ ಎಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಇದೆ, ಮಾಡಲಿ. ಅದಕ್ಕಾಗಿ ಜನರ ಪ್ರತಿನಿಧಿಯೇ ಇಲ್ಲದೆ ವರ್ಷಗಟ್ಟಲೆ ಇರಬೇಕಾ? ಇದರ ಬಗ್ಗೆ ಒಂದು ವಾರ ಚರ್ಚೆ ಮಾಡಿದ ಚಾನೆಲ್ ಒಂದನ್ನೂ ನಾನು ನೋಡಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಯಾಕೆ ಅಂದರೆ ಕಾರ್ಪೊರೇಟರ್ ಇದ್ದಾಗ ಹೇಗಿತ್ತು ಅಂತ ನೋಡಿದ್ದೇನೆ. ನಮ್ಮ ವಾರ್ಡಿನವರು ತುಂಬಾ ದೊಡ್ಡ ಸಾಧಕರೇನೂ ಅಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ನಂದಿನಿ ಬೂತಿಗೆ ಹಾಲಿಗೆ ಬರುತ್ತಿದ್ದರು. ಅಲ್ಲಿ ಹೆಂಗಸರು ಸುತ್ತುಗಟ್ಟಿ ಕೇಳುತ್ತಿದ್ದರು: "ಏನಣ್ಣ, ಯುಜಿಡಿ (ಒಳಚರಂಡಿ) ಕಟ್ಕೊಂಡು ಮೂರು ದಿನ ಆಯ್ತು, ನೀವು ಮೂಗು ಮುಚ್ಕೊಂಡು ಓಡಾಡ್ತೀರಾ?" ಅವರು ಹಾಲಿನ ಪ್ಯಾಕೆಟ್ ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತು ಎಂಜಿನಿಯರ್‌ಗೆ ಫೋನ್ ಮಾಡುತ್ತಿದ್ದರು. ಕೆಲವು ಸಲ ಆಗುತ್ತಿತ್ತು, ಕೆಲವು ಸಲ ಆಗುತ್ತಿರಲಿಲ್ಲ. ಆಗದಿದ್ದರೆ ಮಾರನೇ ದಿನ ಮತ್ತೆ ಅದೇ ಬೂತಿಗೆ ಬರಲೇಬೇಕಿತ್ತು. ಆ ಹೆಂಗಸರ ಮುಖ ನೋಡಲೇಬೇಕಿತ್ತು.

ಸದ್ಯಕ್ಕೆ ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ಕಂಬದ ನಂಬರ್, ಮ್ಯಾನ್‌ಹೋಲ್ ಆದರೆ ಅದರ ಎದುರಿನ ಮನೆ ನಂಬರ್, ಇವನ್ನು ಬರೆದುಕೊಳ್ಳಿ. ಆ್ಯಪ್‌ನಲ್ಲಿ ಹಾಕಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜೊತೆಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಹಾಕಿಸಿ, ಪಾಲಿಕೆಯ ವಲಯ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದೆ ಸುಮ್ನೆ ಕೊಟ್ಟು ಬರಬೇಡಿ. ತಿಂಗಳಾದರೂ ಏನೂ ಆಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಈ ದೂರಿನ ಮೇಲೆ ಯಾರು, ಯಾವ ದಿನ, ಏನು ಕ್ರಮ ತೆಗೆದುಕೊಂಡರು? ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಬೀದಿಯ ಎರಡು ಕೆಲಸ, ಒಂದು ಚರಂಡಿ ಚಪ್ಪಡಿ, ಒಂದು ಒಡೆದ ನೀರಿನ ಪೈಪು, ಹೀಗೇ ಆದವು.

ಇನ್ನೊಂದು ವಿಷಯ. ಬೇರೆ ಕಡೆಯಿಂದ ಬಂದವರು ವೋಟರ್ ಲಿಸ್ಟಿನಲ್ಲಿ ಹೆಸರು ಹಳೇ ಊರಿನಲ್ಲೇ ಬಿಟ್ಟಿರುತ್ತಾರೆ. ನಿಮ್ಮದೂ ಹಾಗೇ ಇದ್ದರೆ ನಮೂನೆ 8 ತುಂಬಿ ಇಲ್ಲಿನ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಪಾಲಿಕೆ ಚುನಾವಣೆ ಬಂದಾಗ ನಿಮ್ಮ ಬೀದಿಗೆ ವೋಟು ಕೇಳಲು ಬರುವವರನ್ನು ಆ ಕಂಬದ ಹತ್ತಿರ ಕರೆದುಕೊಂಡು ಹೋಗಿ, ನಂಬರ್ ತೋರಿಸಿ.